ಸೊಸೆಗೆ ಮಾಡಿಕೊಟ್ಟ ಮೂರು ಕನ್ನಡಕ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಕನ್ನಡಕದ ಪಕ್ಕದಲ್ಲೇ. ಬೀದಿಯವರು ನನ್ನನ್ನು ಕನ್ನಡಕದಜ್ಜ ಅನ್ನುತ್ತಾರೆ. ನಲವತ್ತು ವರ್ಷದಿಂದ ಕೆಳಗೆ ಅಂಗಡಿ, ಮೇಲೆ ಮನೆ. ಈಗ ಹೇಳಹೊರಟಿರುವುದು ನನ್ನ ಸೊಸೆಯ ಕತೆ. ಆದರೆ ಅವಳ ಕತೆ ಹೇಳಬೇಕಾದರೆ ನನ್ನ ದಡ್ಡತನವನ್ನೂ ಹೇಳಲೇಬೇಕು, ಬೇರೆ ದಾರಿಯಿಲ್ಲ.

ಅವಳು ಮೊದಲು ನಮ್ಮಲ್ಲಿ ಕೆಲಸಕ್ಕೆ ಬಂದವಳು. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸೋ ಕೆಲಸ. ಕೈ ಅಂದರೆ ಕೈ! ಹಗಲೆಲ್ಲ ಚಕ್ರದ ಮುಂದೆ ಕೂತು ಏನೋ ಗುನುಗುತ್ತ ಉಜ್ಜುತ್ತಿದ್ದಳು. ನನ್ನ ಮಗ ರೈಲಿನ ಗಾರ್ಡು. ರಜೆಗೆ ಬಂದವನು ಆ ಗುನುಗು ಕೇಳುತ್ತ ಕೇಳುತ್ತ ಡ್ಯೂಟಿಗೆ ಹೋಗೋದನ್ನೇ ಮರೆತ. ಮದುವೆ ಮಾಡಿಸಿದೆ, ಮತ್ತೇನು ಮಾಡೋದು? ಮರುವರ್ಷ ಹೆಣ್ಣು ಮಗು ಹುಟ್ಟಿತು.

ಮಗುವಿಗೆ ಆರು ವಾರವಾದಾಗ ಒಂದು ಮಧ್ಯಾಹ್ನ ಅವಳು ಮಗುವನ್ನೆತ್ತಿಕೊಂಡು ಕೆಳಗಿಳಿದು ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಆ ಹೊತ್ತಿನಲ್ಲಿ ನಮ್ಮಂಗಡಿಯ ಬೆಳಕೇ ಒಂಥರಾ. ಕಪಾಟಿನ ಗಾಜುಗಳಿಗೆಲ್ಲ ತಾಗಿ ಗೋಡೆ ಮೇಲೆ ಪುಟ್ಟ ಪುಟ್ಟ ಬಿಲ್ಲೆಗಳಾಗಿ ತೇಲುತ್ತಿರುತ್ತದೆ. ಒಂದು ಬಿಲ್ಲೆ ಅವಳ ಕಣ್ಣ ಮೇಲೇ ಬಂದು ನಿಂತಿತು, ಅವಳು ರೆಪ್ಪೆ ಬಡಿಯಲಿಲ್ಲ.

"ಮಾವ, ಮಗು ಮುಖ ದೂರ ಕಾಣತ್ತೆ."

"ತೊಡೆ ಮೇಲೇ ಇದೆಯಲ್ಲಮ್ಮ!"

"ಹೂಂ. ಆದ್ರೂ ದೂರ. ಮಧ್ಯೆ ಏನೋ ಮಂಜು ಕವಿದ ಹಾಗೆ."

ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ ಒಬ್ಬ. ನಾನೂ ಅವನ ಪೈಕಿಯೇ. ತಕ್ಷಣ ಪರೀಕ್ಷೆ ಶುರುಮಾಡಿದೆ. ಹಲಗೆಯ ಕೊನೇ ಸಾಲಿನ ಸಣ್ಣ ಅಕ್ಷರಗಳನ್ನೂ ಪಟಪಟ ಓದಿದಳು. ಅಷ್ಟಕ್ಕೇ ಬಿಡಬೇಕಲ್ಲ? ಕಾಲು ಪವರ್ ಹಾಕಿ ಕನ್ನಡಕ ಮಾಡಿಕೊಟ್ಟೆ. ವಾರ ಬಿಟ್ಟು ಕೇಳಿದರೆ, "ಇನ್ನೂ ದೂರಾನೇ, ಮಾವ." ಇನ್ನೊಂದು ಮಾಡಿದೆ. ನಾನು ಮಾಡಿದ ಕನ್ನಡಕವನ್ನು ಯಾರೂ ವಾಪಸ್ ತಂದಿಲ್ಲ ಅನ್ನೋ ಜಂಭ ಬೇರೆ. ಹಠಕ್ಕೆ ಬಿದ್ದು ಮೂರನೆಯದನ್ನೂ ಮಾಡಿದೆ.

ಅಷ್ಟರಲ್ಲಿ ಮನೆಯೇ ಅರೆನಿದ್ದೆಗೆ ಜಾರಿದ ಹಾಗಿತ್ತು. ಅವಳ ಗುನುಗು ನಿಂತುಹೋಗಿತ್ತು. ಮಗು ಮಲಗಿದರೂ ಅವಳು ಮಲಗುತ್ತಿರಲಿಲ್ಲ. ತಲೆ ಬಾಚಲು ಕಿಟಕಿ ಹತ್ತಿರ ಕೂತರೆ ಗಂಟೆ ಕಳೆದರೂ ಬಾಚಣಿಗೆ ಕೈಯಲ್ಲೇ. ಹಾಲು ಕುಡಿಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಎಲ್ಲವನ್ನೂ ಯಾರದೋ ಮನೆ ಕೆಲಸ ಮಾಡಿದ ಹಾಗೆ. ಗಂಡ ಫೋನ್ ಮಾಡಿದರೆ "ಚೆನ್ನಾಗಿದೀವಿ" ಅಂತ ಒಂದೇ ಮಾತು. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಊರಿಗೆಲ್ಲ ಕನ್ನಡಕ ಹಾಕೋ ನನಗೆ ಇದ್ಯಾವುದೂ ಕಾಣಲಿಲ್ಲ.

ನಾಲ್ಕನೇ ಸಲ ಬಂದು ಕುರ್ಚಿಯಲ್ಲಿ ಕೂತಾಗ ರೇಗಿಬಿಟ್ಟೆ. "ಅಕ್ಷರ ಎಲ್ಲಾ ಕಾಣತ್ತಲ್ಲ, ಇನ್ನೇನಮ್ಮ ಕಾಣಬೇಕು ನಿನಗೆ?"

"ಕಣ್ಣು ಸರಿಯಾಗೇ ಇದೆ ಮಾವ," ಅಂದಳು, ನಿದ್ದೆಗಣ್ಣಲ್ಲಿ ಮಾತಾಡುವವರ ಹಾಗೆ. "ಮಗೂನೂ ಕಾಣತ್ತೆ. ನನ್ನದು ಅನ್ನಿಸಲ್ಲ ಅಷ್ಟೇ. ಏನೂ ಅನ್ನಿಸಲ್ಲ. ನೀವು ಬೇಜಾರು ಮಾಡ್ಕೋತೀರಿ ಅಂತ ಕನ್ನಡಕ ಹಾಕ್ಕೊಂಡೆ. ನಾನಿಲ್ಲದೇ ಇದ್ರೆ ಮಗು ಚೆನ್ನಾಗಿರತ್ತೆ, ಮಾವ."

ಕೇಳಲೋ ಬೇಡವೋ ಅಂದುಕೊಳ್ಳುತ್ತಲೇ ಕೇಳಿಬಿಟ್ಟೆ. "ಸಾಯಬೇಕು ಅನ್ನಿಸತ್ತೇನಮ್ಮ?"

"ಒಂದೊಂದ್ಸಲ," ಅಂದಳು.

ಕಾಯುತ್ತಿದ್ದ ಗಿರಾಕಿಗಳನ್ನು ಎಬ್ಬಿಸಿ ಕಳಿಸಿ ಬಾಗಿಲು ಹಾಕಿದೆ. ಮೇಲಿದ್ದ ನನ್ನ ಹೆಂಡತಿಯನ್ನು ಕೂಗಿದೆ. ಅವಳು ಇಳಿದು ಬಂದವಳೇ ಸೊಸೆಯ ಮುಖ ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ನೇರ ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಹತ್ತಿರ ಹೋದೆವು.

ಆಕೆ ಒಂದು ಕಾಗದ ಹಿಡಿದು ಹತ್ತು ಪ್ರಶ್ನೆ ಕೇಳಿದರು. ಮೊದಲಿನ ಹಾಗೆ ನಗು ಬರತ್ತಾ? ಕಾರಣ ಇಲ್ಲದೆ ಭಯ ಆಗತ್ತಾ? ಎಲ್ಲಾ ನನ್ನದೇ ತಪ್ಪು ಅನ್ನಿಸತ್ತಾ? ಒಂದೊಂದು ಉತ್ತರಕ್ಕೂ ನಾನು ಕೂತಲ್ಲೇ ಕುಗ್ಗಿಹೋದೆ.

"ಇದು ಕಾಯಿಲೆ ಕಣಮ್ಮ. ಹೆತ್ತ ಮೇಲೆ ಎಷ್ಟೋ ಜನಕ್ಕೆ ಬರತ್ತೆ, ವಾಸಿನೂ ಆಗತ್ತೆ. ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ," ಅಂದರು ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ, "ಸದ್ಯಕ್ಕೆ ಇವಳನ್ನ ಒಬ್ಬಳನ್ನೇ ಬಿಡಬೇಡಿ. ಕನ್ನಡಕ ಮಾಡಿದ್ದು ಸಾಕು," ಅಂದರು. ಅಲ್ಲೇ ಮನೋವೈದ್ಯರನ್ನೂ ಕರೆಸಿದರು. ಹಾಲುಣಿಸುವ ತಾಯಿಗೆ ಹೊಂದುವ ಮಾತ್ರೆ, ವಾರಕ್ಕೊಮ್ಮೆ ಬಂದು ಮಾತಾಡುವುದು, ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ. ಮಗ ರಜೆ ಹಾಕಿ ಓಡಿ ಬಂದ.

ಮಾತ್ರೆ ನುಂಗಿದ ಮರುದಿನವೇ ಎದ್ದು ಓಡಾಡಿದಳು ಅಂದರೆ ಸುಳ್ಳಾಗುತ್ತದೆ. ಎರಡು ದಿನ ಚೆನ್ನಾಗಿದ್ದರೆ ಮೂರನೇ ದಿನ ಗೋಡೆ ನೋಡುತ್ತ ಕೂರುತ್ತಿದ್ದಳು. ನಾವು ಸರದಿ ಮೇಲೆ ಪಕ್ಕದಲ್ಲಿ ಕೂತೆವು. ನಾನೂ ಬಾಯಿ ಮುಚ್ಚಿಕೊಂಡು ಕೂರೋದು ಕಲಿತೆ, ನಂಬಿ.

ಐದನೇ ತಿಂಗಳಲ್ಲಿ ಒಂದು ದಿನ ನಾನು ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್ ಹಿಡಿದು ಯಾವನಿಗೋ ಬೈಯುತ್ತಿದ್ದೆ. ಸೊಸೆ ಒಳಗಿಂದ ಸಿಡಿದು ಬಂದಳು. "ಒಂದೇ ಕೈಲಿ ಹಿಡೀತಾರಾ ಯಾರಾದ್ರೂ? ಕೊಡಿ ಇಲ್ಲಿ ನನ್ನ ಮಗೂನ!" ಕಿತ್ತುಕೊಂಡು ಎದೆಗೊತ್ತಿಕೊಂಡು ಹೊರಟೇಹೋದಳು. ಬೈಸಿಕೊಂಡು ನಾನು ಅಷ್ಟು ಖುಷಿಪಟ್ಟದ್ದು ಈ ಜನ್ಮದಲ್ಲೇ ಇಲ್ಲ.

ನಮ್ಮವಳು ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸುಮ್ಮನೆ ಒಳಗೆ ಹೋಗಿ ಬೀರುವಿನಿಂದ ಒಂದು ಹಳೇ ಕನ್ನಡಕದ ಡಬ್ಬಿ ತಂದು ನನ್ನ ಕೈಲಿಟ್ಟಳು. ತೆರೆದು ನೋಡಿದೆ. ನನ್ನದೇ ಕೈಕೆಲಸ. ನಮ್ಮ ಮಗ ಹುಟ್ಟಿದ ವರ್ಷ ಮಾಡಿಕೊಟ್ಟದ್ದು, ಕಾಲು ಪವರಿನದು.

"ನನ್ನ ಕಣ್ಣೂ ಚೆನ್ನಾಗೇ ಇತ್ತು ರೀ," ಅಂದಳು. "ಎರಡು ವರ್ಷ ಹಾಕ್ಕೊಂಡೆ."

ಅವಳನ್ನು ಕೈಹಿಡಿದು ಕೂರಿಸಿಕೊಂಡೆ. ಡಾಕ್ಟರಮ್ಮ ಕೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು, ಮೂವತ್ತೊಂದು ವರ್ಷ ತಡವಾಗಿ, ಮೊದಲನೆಯದರಿಂದಲೇ ಶುರುಮಾಡಿದೆ. "ಆಗ ನಿನಗೆ ನಗು ಬರ್ತಿತ್ತೇನೇ?"

"ಇಲ್ಲ," ಅಂದ ನಮ್ಮವಳು ನನ್ನ ಭುಜಕ್ಕೆ ಮುಖ ಒತ್ತಿ ಜೋರಾಗಿ ಅತ್ತಳು.