ಮೋಟಾರು ಓಡಿದ ತಾಸು

ಇಳಕಲ್ ಹತ್ತಿರದ ಹೊಲದಲ್ಲಿ ನಮ್ಮ ಮನೆ, ಮನೆಯ ಮಗ್ಗುಲಲ್ಲೇ ಬೋರು. ಅದನ್ನು ಹೊಡೆಸಿದಂದಿನಿಂದ ಪಕ್ಕದ ಹೊಲದ ಮುದುಕಿಯದು ಒಂದೇ ಮಾತು: "ನನ್ನ ಬಾವಿ ನೀರ ಎಳಕೊಂಡಿ ನೋಡ ತಮ್ಮಾ."

"ನಡುವ ಅಖಂಡ ಕಲ್ಲ ಐತಿ ದೊಡ್ಡವ್ವಾ. ಇರುವಿನೂ ನುಸುಳೂದಿಲ್ಲ."

ಹೀಗಿರುವಾಗ ಒಬ್ಬ ವಿಜ್ಞಾನಿ ಹೆಣ್ಣುಮಗಳು ಬಂದಳು. ಅಣುವಿದ್ಯುತ್ತಿನ ಕಸವನ್ನು ನೆಲದಾಳದಲ್ಲಿ ಹೂಳಿದರೆ ಅಲ್ಲಿಯ ನೀರು ಯಾವ ಕಡೆ, ಎಷ್ಟು ಬೇಗ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ.

"ಇಲ್ಲಿ ಏನೂ ಹೂಳುವುದಿಲ್ಲ ಸರ್. ಇಂಥ ಕಲ್ಲಿನಲ್ಲಿ ನಮ್ಮ ಲೆಕ್ಕ ಸರಿಯಾಗುತ್ತದಾ ನೋಡಬೇಕು, ಅಷ್ಟೇ." ಅಪಾಯವಿಲ್ಲದ ಹಸಿರು ಬಣ್ಣವನ್ನು ಮುದುಕಿಯ ಬಾವಿಗೆ ಹಾಕಿ, ಅದು ನನ್ನ ಬೋರಿಗೆ ಎಷ್ಟು ದಿನಕ್ಕೆ ಬರುತ್ತದೆಂದು ಕಾಯುವುದಂತೆ.

ಇಂಥವರು ಬಂದರೆ ಬಾಗಿಲು ಹಾಕಬೇಡಿ. ಚಹಾ ಕೊಟ್ಟು, ನಮ್ಮದೊಂದು ಕೆಲಸವೂ ಆಗುತ್ತದೆಯೇ ನೋಡಿ. ನಾನು ಮುದುಕಿಯನ್ನು ಕರೆಸಿದೆ. "ಹಸರ ಬಂದ್ರ ನನ್ನ ಬೋರಿನ ನೀರ ದಿನಾ ಬಿಟ್ಟ ದಿನಾ ನಿಂದು. ಬರಲಿಲ್ಲಂದ್ರ ಈ ಮಾತ ಮತ್ತ ಎತ್ತಬಾರದು."

"ಮೋಟಾರು ದಿನಕ್ಕೆ ಎಷ್ಟು ತಾಸು ಓಡುತ್ತದೆ?" ಎಂದಳು ಮೇಡಂ. ಮುದುಕಿ ಎದುರಿಗೇ ಕುಳಿತಿದ್ದಳು.

"ಎರಡ ತಾಸ್ರಿ."

"ಹಾಗಾದರೆ ಬಣ್ಣ ಬರಲು ಇಪ್ಪತ್ತು ದಿನ ಬೇಕು."

"ಇಪ್ಪತ್ತ ವರ್ಷ ಕುಂಡ್ರಿ ಮೇಡಂ, ಬರೂದಿಲ್ಲ."

ಬಣ್ಣ ಹಾಕಿದ ಆರನೆಯ ದಿನ ಬೆಳಿಗ್ಗೆ, ಬೋರಿನ ನೀರಲ್ಲಿ ನನ್ನ ಧೋತರ ನೆನೆಹಾಕಿದ ಬಕೆಟ್ಟು ಹಸಿರಾಗಿ ಮಿಂಚುತ್ತಿತ್ತು. ಹೆಂಡತಿಯ ಮೇಲೆ ರೇಗಿದೆ: "ನಿನ್ನ ಸೀರಿ ಬಣ್ಣಾ ಬಿಟ್ಟೈತಿ!"

"ನನ್ನ ಸೀರಿ ಕೆಂಪೈತ್ರಿ. ಹಸರ ಎಲ್ಲಿಂದ ಬರಬೇಕು?" ಎಂದವಳು ನನ್ನ ಮುಖ ನೋಡಿ ನಗತೊಡಗಿದಳು.

ಬಕೆಟ್ಟು ಚೆಲ್ಲಲು ಹೊರಗೆ ಬಂದರೆ, ದಿನದಂತೆ ಬೋರಿನ ನೀರು ತುಂಬಿಕೊಳ್ಳಲು ಬಾಟಲಿ ಹಿಡಿದು ಮೇಡಂ, ಅವಳ ಹಿಂದೆ ಮುದುಕಿ. ಬಕೆಟ್ಟು ಕಂಡು ಮೇಡಂ ಮುಖವೂ ಸಪ್ಪಗಾಯಿತು. "ಆರೇ ದಿನಕ್ಕೆ? ನಮ್ಮ ಲೆಕ್ಕ ತಪ್ಪಿದೆ."

"ತಪ್ಪಿದ್ದ ಪರೀಕ್ಷಾನ ಲೆಕ್ಕಕ್ಕ ಹಿಡಿಯೂದು ಬ್ಯಾಡ ಬಿಡ್ರಿ," ಎಂದೆ ತಟ್ಟನೆ.

"ಮೋಟಾರು ನಿಜವಾಗಿ ಎಷ್ಟು ತಾಸು ಓಡುತ್ತದೆ ಸರ್?"

"ನಾಕ."

ಮುದುಕಿ ನನ್ನನ್ನೇ ನೋಡುತ್ತಿದ್ದಳು.

"ಹೋಗ್ಲಿ, ಐದ ಹಿಡೀರಿ."

"ಕರೆಂಟ ಇರೂ ಏಳ ತಾಸೂ ಓಡ್ತೈತ್ರಿ ಮೇಡಂ!" ಒಳಗಿನಿಂದ ಹೆಂಡತಿಯ ದನಿ.

ಮೇಡಂ ಅಲ್ಲೇ ಕಟ್ಟೆಯ ಮೇಲೆ ಕಂಪ್ಯೂಟರು ತೆರೆದು ತಾಸು ತಿದ್ದಿದಳು. ಲೆಕ್ಕ ಆರು ದಿನಕ್ಕೇ ಬಂದು ಕೂತಿತು. ಅವಳ ಮುಖ ಅರಳಿತು.

"ನೀರಿನ ಪಾಳಿ ನಾಳಿಂದ ಹಿಡಿಯೂಣಲ್ಲ ದೊಡ್ಡವ್ವಾ?" ಎಂದೆ.

"ಇವತ್ತ ನನ್ನ ಪಾಳಿ," ಎಂದ ಮುದುಕಿ ಆಗಲೇ ನನ್ನ ಪೈಪಿನ ತುದಿ ಹಿಡಿದು ತನ್ನ ಹೊಲದ ಕಡೆ ನಡೆದಿದ್ದಳು.