ಅಪ್ಪನ ಚಾಕುವಿನ ಬಣ್ಣ

ಚಾಕುಗಳಿಗೆ ಮರದ ಹಿಡಿ ಕೂರಿಸುವ ಆತನನ್ನು ಬೀದಿಯವರೆಲ್ಲ ಹಿಡಿಯಣ್ಣ ಎಂದು ಕರೆಯುತ್ತಿದ್ದರು. ಹಟದಲ್ಲೂ ಆತ ಆ ಹೆಸರಿಗೆ ಮೋಸ ಮಾಡಿದವನಲ್ಲ. ಉಜ್ಜು ಕಾಗದ ಹಿಡಿದು ಕೂತನೆಂದರೆ ಊಟಕ್ಕೆ ಕರೆದ ಹೆಂಡತಿಗೆ ಗಂಟಲು ಒಣಗಬೇಕು, ಅಷ್ಟೇ.

ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅವನ ಅಪ್ಪ ಮಾಡಿದ ಒಂದು ಚಾಕು ಇತ್ತು. ಅದರ ಹಿಡಿ ಮಾಗಿದ ಕೆಂಗಂದು ಬಣ್ಣದ್ದು. ಬಂದವರಿಗೆಲ್ಲ ಅದನ್ನು ತೋರಿಸಿ, ಅಂಥ ಮರ ಈಗ ಎಲ್ಲಿ ಬರಬೇಕು ಎಂದು ನಿಟ್ಟುಸಿರು ಬಿಡುತ್ತಿದ್ದ. ಮರದ ಅಡ್ಡೆಗಳನ್ನೆಲ್ಲ ಜಾಲಾಡಿಯೂ ಆ ಬಣ್ಣ ಸಿಗದೆ, ಕೊನೆಗೆ ಬಿಳಿ ಮರಕ್ಕೇ ಒಗ್ಗಿಕೊಂಡಿದ್ದ. ಬಿಳಿಯಾದರೆ ಬಿಳಿ, ಆದರೆ ಒಂದು ಚುಕ್ಕೆ ಇರಕೂಡದು.

ಆ ಚಾಕುಗಳಿಗೆ ಚರ್ಮದ ಒರೆ ಹೊಲಿಯುವವಳು ಅವನ ತಂಗಿ. ಗೋಡೆಯಾಚೆಯ ಕೋಣೆಯೇ ಅವಳದು. ಅಮ್ಮ ಬಳಸುತ್ತಿದ್ದ ದಬ್ಬಳ, ಅಮ್ಮ ಕೂರುತ್ತಿದ್ದ ಮಣೆ. ನೆನೆಸಿದ ಚರ್ಮವನ್ನು ಹಿಡಿಯೂ ಸೇರಿದಂತೆ ಚಾಕುವಿನ ಮೇಲೆಯೇ ಒತ್ತಿ ಕಟ್ಟಿ, ಆಕಾರ ಕೂತ ಮೇಲೆ ಒಣಗಿಸುವುದು ಅವಳ ಪದ್ಧತಿ. ಒದ್ದೆ ತಾಗದಿರಲೆಂದು ಮೊದಲು ಚಾಕುವಿಗೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಒಂದು ಸಲ, ತುರ್ತಿನ ಕೆಲಸದ ಗಡಿಬಿಡಿಯಲ್ಲಿ, ತುಕ್ಕಿನ ಯೋಚನೆಯೊಂದೇ ತಲೆಯಲ್ಲಿದ್ದು ಅಲಗುಗಳಿಗೆ ಮಾತ್ರ ಸುತ್ತಿದಳು. ಹಿಡಿಗಳನ್ನು ಮರೆತಳು. ಒರೆಯಿಂದ ಎಳೆದರೆ ಬಿಳಿ ಹಿಡಿಗಳ ಮೇಲೆಲ್ಲ ಮಸಿ ಚೆಲ್ಲಿದಂತೆ ಕಲೆ.

ಹಿಡಿಯಣ್ಣ ಗಿರಾಕಿಗಳ ಮುಂದೆಯೇ ಅವಳನ್ನು ತರಾಟೆಗೆ ತೆಗೆದುಕೊಂಡ. ಮರದ ಬೆಲೆ ಅಪ್ಪನಿಗೆ ಗೊತ್ತಿತ್ತು, ನಿನ್ನ ಚರ್ಮ ನಮ್ಮ ಮನೆತನದ ಮುಖಕ್ಕೇ ಮಸಿ ಬಳಿಯಿತು ಎಂದ. ತಂಗಿ ಎದ್ದುಹೋದಳು. ಅಂದಿನಿಂದ ಅವನ ಚಾಕುಗಳು ಬಟ್ಟೆ ಸುತ್ತಿಕೊಂಡೇ ಮಾರಾಟವಾದವು. ಗೋಡೆಯ ಆಚೆ ಈಚೆ ಇಬ್ಬರೂ ಬಿಗಿದುಕೊಂಡೇ ಕೂತರು. ಈಗ ಅವಳು ಊರಾಚೆಯ ಚೀಲದ ಕಾರ್ಖಾನೆಗೆ ಸೇರುತ್ತಾಳೆ, ನಾಳೆಯೇ ಕೋಣೆ ಖಾಲಿ ಎಂಬ ಸುದ್ದಿಯನ್ನು ಹೆಂಡತಿ ತಂದಳು. ಹೋಗಿ ಒಂದು ಮಾತಾಡಿ ಎಂದೂ ಸೇರಿಸಿದಳು. ಹೋಗುವವರ ಕಾಲು ಹಿಡಿಯೋಕಾಗುತ್ತಾ ಎಂದು ಗುರುಗುಟ್ಟಿ ಅರ್ಧ ಊಟಕ್ಕೇ ಎದ್ದ. ತಂಗಿ ಹೋಗಿಬಿಟ್ಟರೆ ಗೋಡೆಯಾಚೆ ದಬ್ಬಳದ ಸದ್ದೂ ಇರುವುದಿಲ್ಲ ಎಂಬುದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಮನಸ್ಸು ತಡೆಯದೆ ಅವನು ಅಪ್ಪನ ಚಾಕು ಹೊರಗೆ ತೆಗೆದ. ಹಿಡಿಯನ್ನು ಬಿಗಿಯುವ ಒಂದು ರಿವೆಟ್ ಮೊಳೆ ಸಡಿಲಾಗಿ ಹಿಡಿ ಅಲ್ಲಾಡುತ್ತಿದ್ದುದು ಬಹಳ ದಿನದ ತಲೆನೋವು. ರಿವೆಟ್‌ಗಳನ್ನು ಹೊಡೆದು ಹೊರತೆಗೆದು, ಹಿಡಿಯ ಎರಡು ಹೋಳುಗಳನ್ನು ಬಿಡಿಸಿದ. ಒಳಮೈ ನೋಡಿ ಕೈ ನಿಂತಿತು. ಒಳಗೆ ಬೆಳ್ಳಗೆ, ಅವನೇ ದಿನವೂ ಉಜ್ಜುವ ಅದೇ ಬಿಳಿ ಮರ. ಕೆಂಪು ಇದ್ದದ್ದು ಹೊರಮೈಯಲ್ಲಿ ಮಾತ್ರ, ಉಗುರಿನಷ್ಟು ದಪ್ಪ.

ಆಗ ಅಮ್ಮ ಆ ಚಾಕುವಿಗೆ ಹೊಲಿದಿದ್ದ ಚರ್ಮದ ಒರೆ ನೆನಪಾಯಿತು. ಹಿಡಿಯ ತುದಿಯವರೆಗೂ ಮುಚ್ಚುತ್ತಿದ್ದ ಆ ಒರೆಗೆ ಅಮ್ಮ ಆಗಾಗ ಎಣ್ಣೆ ಸವರುತ್ತಿದ್ದಳು. ಅಪ್ಪ ಇರುವವರೆಗೂ ಚಾಕು ಮಲಗಿದ್ದು ಅದರೊಳಗೇ. ಹೊಲಿಗೆ ಬಿಟ್ಟು ಹಳತಾಯಿತೆಂದು ಅದನ್ನು ಕಸಕ್ಕೆಸೆದವನು ತಾನೇ.

ತಂಗಿಯ ಕೋಣೆಯ ಬಾಗಿಲು ತೆರೆದಿತ್ತು. ಅವಳು ಚರ್ಮದ ಸುರುಳಿಗಳನ್ನು ಹಗ್ಗದಿಂದ ಬಿಗಿಯುತ್ತಿದ್ದಳು. ಅವನು ಹೋಳುಗಳನ್ನು ಮಗುಚಿ ಅವಳ ಮುಂದಿಟ್ಟ.

"ಒಳಗೆ ಬಿಳಿ ಕಣೇ. ಇದು ಮರದ ಬಣ್ಣವೇ ಅಲ್ಲ, ಅಮ್ಮನ ಒರೆಯದು."

"ಗೊತ್ತು," ಎಂದಳು ತಂಗಿ.

"ಗೊತ್ತಿತ್ತಾ? ಅವತ್ತು ನಾನು ಅಷ್ಟು ಅಂದಾಗ ಬಾಯಿಬಿಡಬಾರದಿತ್ತಾ?"

"ಅಮ್ಮ ಹೇಳಬೇಡ ಅಂದಿದ್ದಳು. ಅಪ್ಪನ ಮರ ಅಂತ ಅಣ್ಣ ಎಷ್ಟು ಖುಷಿಪಡ್ತಾನೆ, ಅದನ್ನ ಕಿತ್ಕೋಬೇಡ ಅಂತ."

ಹಿಡಿಯಣ್ಣ ಅಲ್ಲೇ ಅಮ್ಮನ ಮಣೆಯ ಮೇಲೆ ಕುಸಿದು ಕೂತ. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲೂ ಹೋಗಲಿಲ್ಲ. ತಪ್ಪಾಯಿತು ಎನ್ನುವುದು ಅವನಿಗೆ ಅಭ್ಯಾಸವಿಲ್ಲದ ಮಾತು. ಹೇಗೋ ತಡವರಿಸಿ ಅಂದ. ಅವತ್ತು ಹಿಡಿಗೆ ಹಾಳೆ ಸುತ್ತದೆ ಹೋದದ್ದು ತನ್ನದೇ ತಪ್ಪೆಂದು ತಂಗಿಯೂ ಹೇಳಿದಳು.

"ಇದಕ್ಕೂ ನನ್ನ ಬಿಳಿ ಹಿಡಿಯ ಚಾಕುಗಳಿಗೂ ಒರೆ ಹೊಲಿದುಕೊಡು," ಎಂದ. "ಹಿಡಿಗೆ ಏನೂ ಸುತ್ತಬೇಡ. ಬಣ್ಣ ಹತ್ತಲಿ."

ತಂಗಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಆದರೂ ನಿನಗೆ ತಿಳಿಯಲಿಲ್ಲವಲ್ಲ ಅಣ್ಣಾ. ಒದ್ದೆ ಚರ್ಮ ಹತ್ತಿಸೋದು ಕಲೆ. ಬಣ್ಣ ಬರೋದು ಒಣಗಿದ ಮೇಲೆ, ವರ್ಷಗಟ್ಟಲೆ ಜೊತೆಗಿದ್ದರೆ."

ಹಾಗೆಂದವಳು ಚರ್ಮದ ಕಟ್ಟಿನ ಹಗ್ಗ ಬಿಚ್ಚತೊಡಗಿದಳು.