ಹೊಂಗೆ ನೆರಳಿನ ಸೇತುವೆಗೆ ನಕ್ಷೆಯಲ್ಲಿ ಜಾಗ

ಸುಬ್ರಹ್ಮಣ್ಯಪುರದ ರಾಜಕಾಲುವೆಯ ಪಕ್ಕ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೂಡಿದಾರದ ಮೇಲೊಂದು ಸ್ವೆಟರ್ ಏರಿಸಿಕೊಂಡು, ಕೈಯಲ್ಲಿ ಆಳೆತ್ತರದ ಕೋಲು ಹಿಡಿದ ಕಾತ್ಯಾಯಿನಿ ಪುಟ್ಟ ಕಾಂಕ್ರೀಟ್ ಸೇತುವೆಯ ಮುಂದೆ ನಿಂತಿದ್ದಾರೆ. ಕೋಲಿನ ತುದಿಯಲ್ಲಿ ಉಪಗ್ರಹದ ಸಿಗ್ನಲ್ ಹಿಡಿಯುವ ಬಿಳಿ ಡಬ್ಬಿ. ಬೀದಿನಾಯಿಗಳು ಬೊಗಳಿ ಬೊಗಳಿ ಸಾಕಾಗಿ ಮಲಗಿವೆ. ಮನುಷ್ಯರಿಗೆ ಅಷ್ಟು ಬೇಗ ಸಮಾಧಾನವಾಗುವುದಿಲ್ಲ.

"ಮೇಡಂ, ರೋಡ್ ಅಗಲ ಮಾಡ್ತೀರಾ? ನಮ್ ಕಾಂಪೌಂಡ್ ಹೋಗುತ್ತಾ?" ಎದುರು ಮನೆಯ ಅಂಕಮ್ಮ ಬಾಗಿಲಿಗೆ ನೀರು ಹಾಕುವುದನ್ನು ಅರ್ಧಕ್ಕೇ ಬಿಟ್ಟು ಕೇಳುತ್ತಾರೆ. ಅಳತೆಯ ಕೋಲು ಕಂಡರೆ ಬೆಂಗಳೂರಿನವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಇದೇ.

"ಇಲ್ಲ ಅಕ್ಕ, ಏನೂ ಹೋಗಲ್ಲ. ಮ್ಯಾಪಿಗೆ ಈ ಬ್ರಿಡ್ಜ್ ಸೇರಿಸ್ಬೇಕು, ಅದಕ್ಕೆ ಬಂದೆ."

"ಬ್ರಿಡ್ಜ್ ಇಲ್ಲೇ ಇದ್ಯಲ್ಲ?"

ಇದೆ, ಆದರೆ ನೆಲದ ಮೇಲೆ ಮಾತ್ರ. ದೇಶದ ಡಿಜಿಟಲ್ ನಕ್ಷೆಯಲ್ಲಿ ಈ ಜಾಗದಲ್ಲಿ ರಸ್ತೆ ತುಂಡಾಗಿದೆ.

ಕಾತ್ಯಾಯಿನಿ ಜಯನಗರ ನಾಲ್ಕನೇ ಟಿ ಬ್ಲಾಕಿನವರು. ಮನೆಗೆ ಹತ್ತಿರದ ನಕ್ಷೆ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ. ಹೊಸ ರಸ್ತೆ ಬಂದರೆ ಸೇರಿಸುವುದು, ಒನ್‌ವೇ ಆದರೆ ಬಾಣ ತಿರುಗಿಸುವುದು, ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಿದ ನಕ್ಷೆಯನ್ನು ಬಳಸುವವರಿಗೆ ಹಂಚುವುದು. ಆಂಬುಲೆನ್ಸ್, ಅಗ್ನಿಶಾಮಕದ ಗಾಡಿ, ಗ್ಯಾಸ್ ಸಿಲಿಂಡರಿನವರು, ಕೊರಿಯರ್‌ನವರು ಎಲ್ಲರೂ ಓಡಾಡುವುದು ಅದನ್ನೇ ನೆಚ್ಚಿಕೊಂಡು. "ದಾರಿ ತಪ್ಪಿದ್ರೆ ಜನ ಮೊಬೈಲ್‌ಗೆ ಬೈತಾರೆ. ಹಿಂದೆ ನಾವಿದೀವಿ ಅಂತ ಯಾರಿಗೂ ಗೊತ್ತಿಲ್ಲ, ಸದ್ಯ ಬಚಾವು" ಎಂದು ನಗುತ್ತಾರೆ.

ಈ ಸೇತುವೆಯ ವಿಷಯದಲ್ಲಿ ಮಾತ್ರ ಅವರಿಗೆ ನಗು ಬರುತ್ತಿಲ್ಲ. ಕಚೇರಿಯಲ್ಲಿ ಊರನ್ನು ಚೌಕ ಚೌಕ ಹಾಳೆಗಳಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಪ್ಪಿಸಿರುತ್ತಾರೆ. ಕಾಲುವೆಯ ಈಚೆಗಿನ ಹಾಳೆ ಕಾತ್ಯಾಯಿನಿಯವರದು, ಆಚೆಗಿನದು ಸಹೋದ್ಯೋಗಿ ವಸಿಷ್ಠ ಅವರದು. ಇಬ್ಬರೂ ತಮ್ಮ ತಮ್ಮ ರಸ್ತೆಯನ್ನು ಕಾಲುವೆಯ ದಡದವರೆಗೆ ಎಳೆದು ತಂದು ನಿಲ್ಲಿಸಿದ್ದಾರೆ. ಸೇತುವೆ ಪಕ್ಕದವರ ಹಾಳೆಯಲ್ಲಿ ಬರುತ್ತದೆ ಎಂದು ಇವರೂ ಅಂದುಕೊಂಡರು, ಅವರೂ ಅಂದುಕೊಂಡರು. ಉಪಗ್ರಹದ ಚಿತ್ರದಲ್ಲಿ ನೋಡೋಣವೆಂದರೆ ಮೇಲೆ ಹೊಂಗೆ ಮರಗಳ ಚಪ್ಪರ. ಬೆನ್ನಿಗೆ ಬೆನ್ನು ತಾಗಿಸಿ ಕೂರುವ, ದಿನಾ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿ ತಿನ್ನುವ ಇಬ್ಬರ ನಡುವೆ ಒಂದು ಇಡೀ ಸೇತುವೆ ಕಾಣೆಯಾಗಿತ್ತು.

ಈ ರಸ್ತೆಯ ರೋಗಿಯೊಬ್ಬರಿಗೆ ಆಂಬುಲೆನ್ಸ್ ತಡವಾಯಿತೆಂಬ ದೂರು ಅವರ ಮೇಜಿಗೆ ಬಂದದ್ದು ನಿನ್ನೆ ಸಂಜೆ. ಹೊಸ ನಕ್ಷೆ ಹೊರಹೋಗುವುದು ಇವತ್ತು ಸಂಜೆ. ಇವತ್ತು ತಪ್ಪಿದರೆ ಇನ್ನು ಮೂರು ತಿಂಗಳು ಪ್ರತಿ ಆಂಬುಲೆನ್ಸೂ ಉತ್ತರಹಳ್ಳಿ ರಸ್ತೆಯ ಕಡೆಯಿಂದ ಬಳಸಿಕೊಂಡೇ ಬರಬೇಕು.

ಕಾತ್ಯಾಯಿನಿ ದೂರಿನ ವಿಷಯ ಹೇಳುತ್ತಿದ್ದಂತೆ ಅಂಕಮ್ಮ ಚೊಂಬು ಹಿಡಿದೇ ಹತ್ತಿರ ಬರುತ್ತಾರೆ. "ಅದು ನಮ್ ಮಾವ. ಎದೆ ನೋವು ಅಂತ ಒದ್ದಾಡ್ತಿದ್ರು. ಗಾಡಿ ಆ ಕಡೆ ದಡದವರ್ಗೂ ಬಂದು, ರಾತ್ರಿ ಮರದ ಕತ್ತಲಲ್ಲಿ ಬ್ರಿಡ್ಜ್ ಕಾಣ್ದೆ, ಮೊಬೈಲ್ ನೋಡ್ಕೊಂಡು ವಾಪಸ್ ಹೋಯ್ತು. ಸುತ್ತಾಕೊಂಡ್ ಬರೋಷ್ಟ್ರಲ್ಲಿ ಅರ್ಧ ಜೀವ ಆಗಿದ್ರು. ನೋವು ಮತ್ತೆ ಬರಬಹುದು ಅಂದಿದಾರೆ ಡಾಕ್ಟ್ರು."

"ಆ ತಪ್ಪು ನಮ್ದೇ ಅಕ್ಕ" ಎನ್ನುತ್ತಾರೆ ಕಾತ್ಯಾಯಿನಿ. ಚೀಲದಿಂದ ಅಳತೆಯ ಟೇಪು ತೆಗೆಯುತ್ತಾರೆ.

 ಅಂಕಮ್ಮ ಚೊಂಬು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ಟೇಪಿನ ಒಂದು ತುದಿ ನಂಗೆ ಕೊಡಿ" ಎನ್ನುತ್ತಾರೆ. ಮರದಡಿ ಸಿಗ್ನಲ್ ಸಿಗುವುದಿಲ್ಲ. ಎರಡೂ ದಡದ ಬಯಲಲ್ಲಿ ಕೋಲು ನಿಲ್ಲಿಸಿ, ನಡುವಿನದನ್ನು ಟೇಪು ಹಿಡಿದೇ ಅಳೆಯಬೇಕು. ಉದ್ದ, ಅಗಲ, ಬಾಗಿದ ಕೊಂಬೆಯ ಎತ್ತರ ಎಲ್ಲವೂ ಆಗುತ್ತದೆ. ಅಷ್ಟರಲ್ಲಿ ಹಾಲಿನ ವ್ಯಾನ್ ಬಂದು ಸೇತುವೆಯನ್ನು ಸಲೀಸಾಗಿ ದಾಟಿ ಹೋಗುತ್ತದೆ. ಕಾತ್ಯಾಯಿನಿ ನಸುಕಿಗೇ ಬಂದದ್ದು ಇದಕ್ಕಾಗಿಯೇ. ಆಂಬುಲೆನ್ಸಿನಷ್ಟು ದೊಡ್ಡ ಗಾಡಿ ಹೋಗುತ್ತದೆ ಎಂಬುದಕ್ಕೆ ಅವರ ಮೊಬೈಲಿನಲ್ಲಿ ವಿಡಿಯೊ ಸಾಕ್ಷಿ ಸಿಕ್ಕಂತಾಯಿತು.

ಕಚೇರಿಯಲ್ಲಿ ಮೇಲಧಿಕಾರಿ ಸೇತುರಾಮ ತಲೆ ಅಲ್ಲಾಡಿಸುತ್ತಾರೆ. ಕೊನೆಯ ದಿನ ಯಾರೂ ಹಾಳೆಯ ಅಂಚು ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಮುಟ್ಟಲೇಬೇಕೆಂದರೆ ಎರಡೂ ಹಾಳೆಯವರು ಎದುರಿಗಿರಬೇಕು. "ವಸಿಷ್ಠ ರಜೆ ಅಲ್ವೇನ್ರೀ?" ಎನ್ನುತ್ತಾರೆ. ಅವರೊಬ್ಬ ನಿಯಮದ ಮನುಷ್ಯ, ತಪ್ಪೇನಿಲ್ಲ. ಅವಸರದಲ್ಲಿ ಒಂದು ಅಂಚು ಕೆಟ್ಟರೆ ನೂರು ರಸ್ತೆ ಕೆಡುತ್ತದೆ.

ವಸಿಷ್ಠ ಬನಶಂಕರಿಯಲ್ಲಿ ತಂಗಿಯ ಗೃಹಪ್ರವೇಶದಲ್ಲಿದ್ದಾರೆ. ಫೋನು ಹೋದದ್ದೇ ತಡ, ರೇಷ್ಮೆ ಪಂಚೆ, ಶಲ್ಯದಲ್ಲೇ ಸ್ಕೂಟರ್ ಹತ್ತಿ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ. "ಊಟ ಆಮೇಲೂ ಸಿಗುತ್ತೆ, ಮೊದ್ಲು ಬ್ರಿಡ್ಜ್ ತೋರ್ಸಿ" ಎನ್ನುತ್ತಾರೆ. ಈ ದಡದಿಂದ ಇವರು, ಆ ದಡದಿಂದ ಅವರು ಗೆರೆ ಎಳೆಯುತ್ತಾರೆ. ಸೇತುರಾಮ ವಿಡಿಯೊ ನೋಡಿ, ಅಳತೆ ತಾಳೆ ಹಾಕಿ, ತಾವೇ ಆಂಬುಲೆನ್ಸ್ ಚಾಲಕನಂತೆ ಹೊಸ ನಕ್ಷೆಯನ್ನು ದಾರಿ ಕೇಳುತ್ತಾರೆ. ನೀಲಿ ಗೆರೆ ಉತ್ತರಹಳ್ಳಿ ರಸ್ತೆಯ ಕಡೆ ತಿರುಗಿಯೂ ನೋಡದೆ ಕಾಲುವೆ ದಾಟುತ್ತದೆ. "ಕಳ್ಸಿ" ಎನ್ನುತ್ತಾರೆ ಸೇತುರಾಮ. ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟುತ್ತದೆ. ಕಾತ್ಯಾಯಿನಿಯವರ ಕಣ್ಣು ಒದ್ದೆಯಾಗುತ್ತದೆ.

ತಿಂಗಳು ಕಳೆಯುವುದರೊಳಗೆ ಅಂಕಮ್ಮನ ಮಾವ ತಿಮ್ಮರಾಯಪ್ಪನವರಿಗೆ ಮತ್ತೆ ಎದೆನೋವು ಬರುತ್ತದೆ. ಈ ಸಲ ಬರುವುದು ದೂರಲ್ಲ, ಆಸ್ಪತ್ರೆಯಿಂದ ಕಾತ್ಯಾಯಿನಿಯವರಿಗೆ ಅಂಕಮ್ಮನ ಫೋನು. "ಮೇಡಂ, ಗಾಡಿ ಬ್ರಿಡ್ಜ್ ಮೇಲಿಂದ್ಲೇ ಬಂತು. ನಾನು ಗೇಟ್ ತೆಗೆಯೋಷ್ಟ್ರಲ್ಲಿ ಬಂದ್‌ಬಿಟ್ಟಿತ್ತು. ಟೈಮಿಗೆ ಸರಿಯಾಗಿ ಕರ್ಕೊಂಡ್ ಬಂದ್ರಿ ಅಂದ್ರು ಡಾಕ್ಟ್ರು. ಮಾವ ಕಾಫಿ ಕೇಳ್ತಾವ್ರೆ, ಕೊಡಲ್ಲ ಅಂದಿದೀನಿ."

ತಿಮ್ಮರಾಯಪ್ಪ ಈಗ ಸಂಜೆ ಹೊತ್ತು ಅದೇ ಸೇತುವೆಯ ಮೇಲೆ ನಿಧಾನಕ್ಕೆ ವಾಕಿಂಗ್ ಮಾಡುತ್ತಾರೆ. ಕಚೇರಿಯಲ್ಲೂ ಒಂದು ಹೊಸ ಪದ್ಧತಿ ಬಂದಿದೆ. ಎರಡು ಹಾಳೆ ಕೂಡುವ ಕಡೆ ಇಬ್ಬರೂ ಜೊತೆಯಾಗಿ ನಡೆದು ನೋಡಬೇಕು. ಹಾಗಾಗಿ ಕಾತ್ಯಾಯಿನಿ, ವಸಿಷ್ಠ ಇಬ್ಬರೂ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ನಸುಕಿಗೇ ಹೊರಡುತ್ತಾರೆ.

ಆ ಸೇತುವೆ ಕೊನೆಗೆ ಯಾರ ಹಾಳೆಗೆ ಸೇರಿತು ಎಂದು ಕೇಳಿದರೆ ಕಾತ್ಯಾಯಿನಿ ಕೋಲನ್ನು ಹೆಗಲಿಗೆ ಒರಗಿಸಿಕೊಂಡು ಯೋಚಿಸುತ್ತಾರೆ.

"ಇಬ್ರದ್ದೂ. ಅರ್ಧ ಅರ್ಧ ಅಲ್ಲ ಮತ್ತೆ. ಪೂರ್ತಿ ನಂದು, ಪೂರ್ತಿ ಅವರ್ದು."